ಅಸ್ಸುಂತಾಳಿಗೊಂದು ಎಲೆ

"ಅದನ್ನ ಸೂಪು ಅಂತ ಬರೆದ ಕೈಗೆ ಈ ಸೌಟಿಂದಲೇ ಒಂದು ಬಿಡೊಕು!"

ಟೈಪ್‌ರೈಟರಿನ ಮೇಲೆ ಓಡುತ್ತಿದ್ದ ಬೊಳ್ಳಮ್ಮನ ಬೆರಳುಗಳು ಹಾಗೇ ನಿಂತವು.

ಬಾಗಿಲಲ್ಲಿ ಒಬ್ಬ ಗಂಡಸು. ಮೂವತ್ತು ದಾಟಿದ ವಯಸ್ಸು. ಮಿಲಿಟರಿಯವರ ಹಾಗೆ ಕತ್ತರಿಸಿದ ಕೂದಲು, ಹೆಗಲ ಮೇಲೆ ಮಸಿ ಹಿಡಿದ ಟವೆಲು. ಕೈಯಲ್ಲಿ... ನಿಜಕ್ಕೂ ಸೌಟು! ಅದರಿಂದ ಸಾರು ಬಂಗಲೆಯ ನುಣ್ಣನೆ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

ಬಂದ ಮೊದಲ ದಿನವೇ ಹೊಡೆತವೇ?

ಆದರೂ ಬೊಳ್ಳಮ್ಮ ಕೈ ಮುಂದೆ ಚಾಚಿದಳು.

"ಬರೆದದ್ದು ನಾನೇ. ಬಿಡಿ, ನೋಡುವ!"

ಅವನ ಮುಖದ ಕೆಂಪು ಇಳಿಯಿತು. ಸೌಟು ಬೆನ್ನ ಹಿಂದೆ ಹೋಯಿತು.

"ನೀವಾ?... ನಾ ದೊರೆಸಾನಿಯೇ ಬರ್ದದ್ದು ಅಂತ..."

"ದೊರೆಸಾನಿ ಆಗಿದ್ರೆ ಹೊಡೀತಿದ್ರಾ?"

"ಇಲ್ಲೆ. ಮನಸ್ಸಲ್ಲೇ ಹೊಡೀತಿದ್ದೆ."

ನಗು ಬಂತು ಅವಳಿಗೆ. ತುಟಿ ಕಚ್ಚಿ ತಡೆದಳು. ಆದರೆ ಆ ಮನುಷ್ಯ ನಗಲಿಲ್ಲ. ಅವನ ಕಣ್ಣಲ್ಲಿದ್ದದ್ದು ಬರೀ ಸಿಟ್ಟಲ್ಲ ಎಂದು ಅವಳಿಗೆ ಆ ಕ್ಷಣಕ್ಕೇ ಅನ್ನಿಸಿತು. ಯಾರಿಗೋ ಅವಮಾನ ಆದದ್ದನ್ನು ಕಂಡವನ ಕಣ್ಣು ಅದು.

ಬಿಟ್ಟಂಗಾಲದ ಆ ಎಸ್ಟೇಟು ಪೆಂಡರ್ ದೊರೆಯದು. ದೊರೆ ತೀರಿಹೋಗಿದ್ದ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬುತ್ತಾ ಬಂದಿದ್ದ ಕಾಲ. ಬಿಳಿಯರು ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತುತ್ತಿದ್ದರು. ದೊರೆಸಾನಿಯೂ ಹೊರಟಿದ್ದಳು. ಹೋಗುವ ಮೊದಲು ಅವಳಿಗೊಂದು ಹಟ. ಯುದ್ಧದಲ್ಲಿ ಸೆರೆಸಿಕ್ಕಿ ತಪ್ಪಿಸಿಕೊಂಡ ಅವಳ ಗಂಡನನ್ನು ಇಟಲಿಯ ಒಂದು ಗುಡ್ಡದ ಹಳ್ಳಿ ಚಳಿಗಾಲವೆಲ್ಲ ಅಡಗಿಸಿಟ್ಟು ಉಣ್ಣಿಸಿತ್ತು. ಆ ಊಟವನ್ನು ಅವನು ಸಾಯುವ ತನಕ ನೆನೆಯುತ್ತಿದ್ದ. ಆ ಅಡುಗೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಪುಸ್ತಕ ಮಾಡಬೇಕು! ಲಂಡನ್ನಿನಲ್ಲಿ ಅಚ್ಚು ಹಾಕುವವನೊಬ್ಬ ಒಪ್ಪಿಯೂ ಇದ್ದ.

ಆ ಅಡುಗೆ ಬಲ್ಲವನು ಉತ್ತಯ್ಯ ಒಬ್ಬನೇ. ದೊರೆಯ ಪಲ್ಟನ್ನಿನ ಮೆಸ್ಸಿನಲ್ಲಿ ಅಡುಗೆಗಿದ್ದು, ದೊರೆಯ ಜೊತೆಗೇ ಸೆರೆಗೆ ಬಿದ್ದು, ಅದೇ ಹಳ್ಳಿಯ ಅದೇ ಅಡುಗೆಮನೆಯಲ್ಲಿ ಬದುಕುಳಿದವನು. ಅವನಿಗೆ ಇಟಲಿಯವರ ಮಾತು ಬಾಯಿಗೆ ಬರುತ್ತಿತ್ತು, ಇಂಗ್ಲಿಷ್ ಬರೆಯಲು ಬಾರದು. ಕಾನ್ವೆಂಟಿನಲ್ಲಿ ಓದಿ ಟೈಪಿಂಗ್ ಕಲಿತ ಬೊಳ್ಳಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು, ಇಟಲಿಯನ್ನು ಅವಳು ನಕ್ಷೆಯಲ್ಲಿ ಮಾತ್ರ ಕಂಡಿದ್ದಳು. ಕೈಯಲ್ಲಿ ದೊರೆಸಾನಿ ಕೊಟ್ಟ ಒಂದು ಹಳೇ ಡಿಕ್ಷನರಿ.

"ಅಕ್ವಾಕೊತ್ತಾ ಅಂದ್ರೆ ಬೇಯಿಸಿದ ನೀರು ಅಂತ ಉಟ್ಟು ಇದರಲ್ಲಿ," ಎಂದಳು ಬೊಳ್ಳಮ್ಮ. "ದೊರೆಸಾನಿಗೆ ತೋರಿಸಿದೆ. ಬೇಯಿಸಿದ ನೀರನ್ನ ಇಂಗ್ಲೆಂಡಿನಲ್ಲಿ ಯಾರು ಉಣ್ತಾರೆ, ತರಕಾರಿ ಸೂಪು ಅಂತ ಹಾಕು ಅಂದ್ರು. ಪಕ್ಕದ ಮನೆಯಾಕೆ ಬೇಲಿ ಹತ್ತಿರ ನಿಂತು ಹೇಳಿದ ಹಾಗಿರೊಕಂತೆ ಇಂಗ್ಲಿಷು. ಡಿಕ್ಷನರಿ ಮಾತಾಡಿದ ಹಾಗಲ್ಲ."

"ತರಕಾರಿ ಇದ್ದಿದ್ರೆ ಮಾಡಿದವಳು ಅದಕ್ಕೆ ನೀರು ಅಂತ ಎಂತಕೆ ಹೆಸರಿಡ್ತಿದ್ದಳು?"

ಉತ್ತಯ್ಯ ಬಾಗಿಲ ಚೌಕಟ್ಟಿಗೆ ಒರಗಿದ.

"ಮೊದಲು ನೀರು ಒಲೆ ಮೇಲಿಡೋದು. ಅದು ಕಾಯೋದ್ರೊಳಗೆ ಹೊರಗೆ ಹೋಗಿ ಬೇಲಿಲಿ ಎಂತ ಸೊಪ್ಪು ಸಿಗ್ತದೋ ಅದನ್ನ ಕಿತ್ತು ತರೋದು. ಸಿಕ್ಕಿದ್ರೆ ಸೊಪ್ಪು. ಇಲ್ಲದಿದ್ರೆ ಒಂದು ಈರುಳ್ಳಿ, ಹಳೇ ರೊಟ್ಟಿ ಚೂರು. ನೀರಂತೂ ಬೆಂದಿರ್ತದಲ್ಲ!"

ಬೊಳ್ಳಮ್ಮ ಡಿಕ್ಷನರಿ ಮುಚ್ಚಿದಳು. ಅಪ್ಪ ಸತ್ತ ವರ್ಷ ಅವ್ವ ಇಡುತ್ತಿದ್ದ ತಿಳಿಗಂಜಿಯಲ್ಲಿ ಅವಳ ಮುಖವೇ ಕಾಣುತ್ತಿತ್ತು. ಆಮೇಲೆ ಇಬ್ಬರೂ ಸೋದರಮಾವ ಗುರುವಪ್ಪನ ಮನೆ ಸೇರಿದ್ದು, ಅಲ್ಲಿ ಅನ್ನದ ಜೊತೆ ದಿನಾ ಮಾತೂ ಉಂಡದ್ದು...

ಕಾಗದ ಕಿತ್ತು ಹೊಸದು ಸಿಕ್ಕಿಸಿದಳು. ಟಕಟಕ ಟೈಪಿಸಿ ಓದಿದಳು. "ಮನೆಯಲ್ಲಿ ಏನೂ ಇಲ್ಲದ ದಿನದ ಸೂಪು. ಇಂಗ್ಲಿಷಲ್ಲಿ ಹಂಗೆ ಬರ್ದೆ."

"ಸೂಪು ಉಳೀತಲ್ಲ ಮತ್ತೆ!"

"ಸೂಪೂ ಉಳೀತು, ಹಸಿವೂ ಉಳೀತು. ಆಗದಾ?"

ಉತ್ತಯ್ಯ ಅವಳನ್ನೇ ನೋಡಿದ. ಆಮೇಲೆ ಟವೆಲಿನಿಂದ ನೆಲದ ಸಾರು ಒರೆಸುತ್ತ, ನೆಲಕ್ಕೇ ಹೇಳುವವನ ಹಾಗೆ ಗೊಣಗಿದ. "ಆದೀತು."

ದೊರೆಸಾನಿ ಕನ್ನಡಕ ಏರಿಸಿ ಅದನ್ನು ಓದಿ, "ಇದು ಇಂಗ್ಲಿಷ್!" ಅಂದಳು.

ಆ ದಿನದಿಂದ ಕೆಲಸ ನಡೆದದ್ದು ಟೈಪ್‌ರೈಟರಿನ ಕೋಣೆಯಲ್ಲಲ್ಲ, ಅಡುಗೆಮನೆಯಲ್ಲಿ.

ಅವನು ಮಾಡುತ್ತಿದ್ದ. ಅವಳು ಕೇಳುತ್ತಿದ್ದಳು. ಗಟ್ಟಿಯಾ, ನೀರಾ? ನಮ್ಮ ಕಡುಬಿನ ಹದವಾ, ರೊಟ್ಟಿ ಹಿಟ್ಟಿನ ಹದವಾ? ಉಪ್ಪು ಎಷ್ಟು ಎಂದರೆ ಅವನದು ಒಂದೇ ಉತ್ತರ. "ಕ್ವಾಂತೊ ಬಾಸ್ತಾ. ಸಾಕಾಗುವಷ್ಟು." ದೊರೆಸಾನಿಗೆ ಔನ್ಸು ಬೇಕು, ಚಮಚ ಬೇಕು! ಬೊಳ್ಳಮ್ಮ ಇಬ್ಬರ ನಡುವೆ ನಿಂತು "ಟು ಟೇಸ್ಟ್" ಎಂದು ಬರೆದು ಜಗಳ ಬಿಡಿಸುತ್ತಿದ್ದಳು.

ಒಂದು ದಿನ ಅವನು ಹಿಟ್ಟನ್ನು ಹೊಸೆದು ಹೊಸೆದು ಹಗ್ಗದ ತುಂಡಿನ ಹಾಗೆ ಮಾಡಿಟ್ಟ.

"ಇದರ ಹೆಸರು ಎಂತ?"

"ಹೇಳಿದ್ರೆ ನಿಮ್ಮ ಕಾನ್ವೆಂಟಿನ ಸಿಸ್ಟರುಗಳು ನಿಮ್ಮನ್ನ ಒಳಗೆ ಸೇರಿಸೋದಿಲ್ಲ."

"ಹೇಳಿ ನೋಡುವ."

"ಸ್ತ್ರೊತ್ಸಾಪ್ರೇತಿ. ಪಾದ್ರಿಗಳ ಕೊರಳು ಹಿಸುಕೋದು."

ಬೊಳ್ಳಮ್ಮ ಬಾಯಿ ಮುಚ್ಚಿಕೊಂಡಳು. "ಅಯ್ಯೋ! ಎಂತಕೆ?"

"ಬಡವರ ಮನೆಗೆ ಊಟದ ಹೊತ್ತಿಗೇ ಬಂದು ಕೂರ್ತಿದ್ರಂತೆ. ಗಬಗಬ ನುಂಗಿ ಕೊರಳಿಗೆ ಸಿಕ್ಕೊಳ್ಳಲಿ ಅಂತ."

ಅವಳು ನಕ್ಕಳು. ಎಷ್ಟೋ ಕಾಲದ ಮೇಲೆ ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಪಾತ್ರೆ ತಿಕ್ಕುತ್ತಿದ್ದ ಚೋಮಿ ತಿರುಗಿ, "ಬೊಳ್ಳವ್ವ, ನಿಮ್ಗೆ ನಗೋಕೂ ಬತ್ತದಾ!" ಎಂದಳು.

ಇನ್ನೊಂದು ದಿನ ನ್ಯೊಕ್ಕಿ. ಬೇಯಿಸಿದ ಆಲೂಗೆಡ್ಡೆಯ ಹಿಟ್ಟು, ಗೋಲಿ ಗಾತ್ರದ ಉಂಡೆ. ಒಂದೊಂದಕ್ಕೂ ಉತ್ತಯ್ಯ ಹೆಬ್ಬೆಟ್ಟು ಒತ್ತಿ ಗುಳಿ ಮಾಡುತ್ತಿದ್ದ.

"ಆ ಗುಳಿಲಿ ಸಾರು ನಿಲ್ಲೊಕು. ಒತ್ತಿ ನೋಡಿ ನೀವು... ಅಷ್ಟು ಬಲ ಬೇಡ. ಹುಳ ಕೊಲ್ತಾ ಇದ್ದೀರಾ?"

ಅವಳ ಹೆಬ್ಬೆಟ್ಟಿನ ಮೇಲೆ ಅವನ ಹೆಬ್ಬೆಟ್ಟು ಬಂತು. ಹಗುರಕ್ಕೆ ಒತ್ತಿ ಬಿಟ್ಟಿತು.

ಎರಡೂ ಕೈ ಹಿಟ್ಟಿನದೇ. ಆದರೂ ಬೊಳ್ಳಮ್ಮನ ಎದೆ ಹೊಡೆದುಕೊಂಡ ರೀತಿ! ದೇವರೇ, ಇವನಿಗೆ ಕೇಳಿಸದಿರಲಿ... ಅವನೂ ಕೈ ಹಿಂದೆ ತೆಗೆದು, ಉರಿಯುತ್ತಿದ್ದ ಒಲೆಗೆ ಸುಮ್ಮನೆ ಸೌದೆ ತುರುಕಿದ.

"ಹೆಬ್ಬೆಟ್ಟೊತ್ತಿದ ಡಂಪ್ಲಿಂಗ್," ಎಂದಳು ಬೊಳ್ಳಮ್ಮ. "ಹಂಗೆ ಬರೀತೇನೆ."

"ಅಸ್ಸುಂತಾಳ ಹೆಬ್ಬೆಟ್ಟೊತ್ತಿದ ಡಂಪ್ಲಿಂಗ್." ಅವನ ದನಿ ಇದ್ದಕ್ಕಿದ್ದಂತೆ ಗಟ್ಟಿಯಾಯಿತು. "ನಂಗೆ ಈ ಪುಸ್ತಕದಿಂದ ಬೇರೆ ಎಂತದೂ ಬೇಡ. ಎಲ್ಲಾ ಅಡುಗೆ ಮೇಲೂ ಅವಳ ಹೆಸರು ಬರೊಕು. ದೊರೆಸಾನಿಗೂ ಹೇಳಿಯೇ ಕೆಲಸಕ್ಕೆ ಒಪ್ಪಿದ್ದು."

"ಅಸ್ಸುಂತಾ ಅಂದ್ರೆ... ಯಾರು?"

ಅವನು ಬೆನ್ನು ತಿರುಗಿಸಿದ.

ಆ ಬೆನ್ನು ಬೊಳ್ಳಮ್ಮನ ಜೊತೆ ಮನೆಗೂ ಬಂತು. ಯಾರಿರಬಹುದು? ಹೆಸರು ಹೇಳುವಾಗ ಅವನ ದನಿ ಯಾಕೆ ಹಾಗಾಗಬೇಕು? ಬೆಳಗಾದರೆ ಮತ್ತೆ ಅಡುಗೆಮನೆ, ಮತ್ತೆ ಅವನ ಮಾತು. ಅವಳಿಗಾಗಿ ಅವನು ಎತ್ತಿಡುತ್ತಿದ್ದ ಮೊದಲ ತುತ್ತು... 'ಏನಾದರೂ ಇರಲಿ, ಮನಸ್ಸು ಕೊಟ್ಟದ್ದು ಕೊಟ್ಟಾಯಿತು,' ಎಂದುಕೊಂಡಳು.

ಅಷ್ಟರಲ್ಲಿ ಗುರುವಪ್ಪ ಮಾವ ಭಾಗಮಂಡಲದ ಕಡೆಯಿಂದ ಒಂದು ಸಂಬಂಧ ತಂದ.

"ಹೈದ ಒಳ್ಳೆಯವ. ಮನೆ ಉಟ್ಟು, ಗದ್ದೆ ಉಟ್ಟು. ದೀಪಾವಳಿ ಕಳ್ದ ಮೇಲೆ ಬಂದು ನೋಡ್ತಾರಂತೆ. ನೀ ಎಂತ ಹೇಳ್ತೆ ಬೊಳ್ಳು?"

ಕೇಳಿದ ರೀತಿ ಕೇಳಿದ ಹಾಗಿತ್ತು, ಅಷ್ಟೆ. ಅಕ್ಕಿ ಅಳೆಯುವವನು ಅಕ್ಕಿಯನ್ನು ಕೇಳುತ್ತಾನೆಯೇ?

"ದೀಪಾವಳಿ ಆಗಲಿ ಮಾವ," ಎಂದಳು. ಮನಸ್ಸಿನಲ್ಲಿ ಬೇರೆಯೇ ಇತ್ತು. ಹಬ್ಬದ ದಿನ ಉತ್ತಯ್ಯನ ಮನೆಗೆ ಹೋಗಬೇಕು. ಬಾಯಿಬಿಟ್ಟು ಹೇಳಬೇಕು. ಮಾವನ ಹತ್ತಿರ ಬನ್ನಿ, ನನ್ನನ್ನು ಕೇಳಿ! ಹೆಣ್ಣು ಹೀಗೆ ಹೇಳಬಾರದಂತೆ. ಯಾರು ಮಾಡಿದ ಕಟ್ಟಳೆ ಅದು? ಹೇಳದೆ ಸಾಯುವುದು ಮಾತ್ರ ಹೆಣ್ಣೇ ಅಲ್ಲವೆ!

ಹಬ್ಬದ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಮಾಡಿದ ಕಡುಬು ಕಟ್ಟಿಕೊಂಡು, ಚೋಮಿಯನ್ನು ಜೊತೆಗೆ ಕರೆದುಕೊಂಡು ಹೊರಟಳು. ಕೂಲಿಯವರ ಲೈನು ಮುಗಿದ ಮೇಲೆ ಒಂಟಿಯಾಗಿ ನಿಂತಿದ್ದ ಹೆಂಚಿನ ಮನೆ ಉತ್ತಯ್ಯನದು. ತಂದೆಯ ಮನೆ, ಅಣ್ಣಂದಿರು, ಎಲ್ಲ ಇದ್ದೂ ಅವನು ಅಲ್ಲಿ ಯಾಕಿದ್ದಾನೆಂದು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಜಗಳವಂತೆ.

ಬಾಗಿಲು ತೆರೆದಿತ್ತು. ಅವಳು ಅಂಗಳದಲ್ಲೇ ನಿಂತಳು.

ಒಳಗೆ ಅವನು ಹಿರಿಯರಿಗೆ ಎಲೆ ಹಾಕುತ್ತಿದ್ದ. ಆ ದಿನ ಎಲ್ಲರ ಮನೆಯಲ್ಲೂ ಹಾಕುತ್ತಾರೆ. ಸತ್ತವರು ಇಷ್ಟಪಡುತ್ತಿದ್ದುದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಹೆಸರು ಹಿಡಿದು ಉಣ್ಣಲು ಕರೆಯುತ್ತಾರೆ. ದೀಪದ ಮುಂದೆ ಮೂರು ಎಲೆ. ಎರಡರಲ್ಲಿ ಅನ್ನ, ಕೋಳಿಸಾರು. ಮೂರನೆಯದರಲ್ಲಿ ಹೆಬ್ಬೆಟ್ಟೊತ್ತಿದ ನ್ಯೊಕ್ಕಿ. ಆ ಎಲೆಯ ಪಕ್ಕ, ಮಡಿಸಿಟ್ಟ ಹೊಸ ವಸ್ತ್ರ. ತಲೆಗೆ ಕಟ್ಟುವ ವಸ್ತ್ರ... ಕೆಂಪು!

"ಅಜ್ಜ ಬನ್ನಿ. ಅಪ್ಪ ಬನ್ನಿ." ಆಮೇಲೆ ಅವನ ದನಿ ಇಳಿಯಿತು. "ಅಸ್ಸುಂತಾ... ಬಾ. ಉಣ್ಣು."

ಬೊಳ್ಳಮ್ಮ ಕಡುಬಿನ ಗಂಟನ್ನು ಎದೆಗೆ ಒತ್ತಿಕೊಂಡಳು.

ಸತ್ತವರ ಎಲೆ ಸುಮ್ಮನೆ ಸಿಗುವಂಥದ್ದಲ್ಲ. ಆ ಮನೆಯಲ್ಲಿ ಹುಟ್ಟಿ ಸತ್ತವರಿಗೆ, ಇಲ್ಲವೇ ಮದುವೆಯಾಗಿ ಆ ಮನೆಗೆ ಬಂದು ಸತ್ತವರಿಗೆ. ಎಷ್ಟೇ ಬೇಕಾದವರಿರಲಿ, ಹೊರಗಿನವರಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಇಟಲಿಯ ಹೆಣ್ಣು ಇವನ ಮನೆಯಲ್ಲಿ ಹುಟ್ಟಿದವಳಂತೂ ಅಲ್ಲ. ಮತ್ತೆ ಕೆಂಪು ವಸ್ತ್ರ... ಮದುವಣಗಿತ್ತಿಯ ತಲೆಗೆ ಹಾಕುವುದು!

ಚೋಮಿ ಪಿಸುಗುಟ್ಟಿದಳು. "ವರ್ಷ ವರ್ಷ ತತ್ತಾರೆ ಬೊಳ್ಳವ್ವ, ಕೆಂಪು ವಸ್ತ್ರ. ಲೈನಲ್ಲಿ ಎಲ್ರಿಗೂ ಗೊತ್ತು. ಕಟ್ಕೊಂಡೋಳಿಗಲ್ದೆ ಇನ್ಯಾರಿಗೆ ತತ್ತಾರೆ?"

"ನಂಗೆ ಎಂತಕೆ ಹೇಳಲಿಲ್ಲ ನೀನು?"

"ನೀವು ಕೇಳೇ ಇಲ್ವಲ್ಲ! ಯಾಕವ್ವ, ಮುಖ ಹಿಂಗಾಯ್ತು?"

"ಹೊಗೆ."

"ಹೊಗೆ ಎಲ್ಲೈತೆ?"

ಬೊಳ್ಳಮ್ಮ ಆಗಲೇ ತಿರುಗಿ ನಡೆಯುತ್ತಿದ್ದಳು. ಕಡುಬಿನ ಗಂಟು ಹಾದಿಬದಿಯ ಕಾಫಿ ಗಿಡದ ಬುಡದಲ್ಲಿ ಬಿತ್ತು.

ಹೆಂಡತಿ ಸತ್ತದ್ದು ತಪ್ಪಲ್ಲ. ಮುಚ್ಚಿಟ್ಟದ್ದು? ನನ್ನ ಕೈ ಮೇಲೆ ಕೈಯಿಟ್ಟು ಕಲಿಸಿದ್ದು ಅವಳ ನೆನಪನ್ನು! ನಾನು ಇಂಗ್ಲಿಷ್ ಹುಡುಕಿ ಹುಡುಕಿ ಬರೆದದ್ದೆಲ್ಲ ಅವಳಿಗೆ ಕಟ್ಟಿದ ಮಾಲೆ. ಹಾಗಾದರೆ ನಾನು ಯಾರು? ಬರೀ ಟೈಪಿಸುವ ಕೈ!

ಮರುದಿನ ಬೆಳಿಗ್ಗೆ ಮಾವನ ಮುಂದೆ ನಿಂತಳು. "ಬರಲಿ ಮಾವ, ಅವರು. ನೋಡಲಿ."

ಬಂಗಲೆಗೆ ಹೋದವಳು ಅಡುಗೆಮನೆ ಕಡೆ ತಿರುಗಲಿಲ್ಲ. ಬಾಗಿಲು ಹಾಕಿ ಟೈಪಿಸಿದಳು. ಅಸ್ಸುಂತಾಳ ಬ್ರೆಡ್ ಸೂಪು, ಬರೀ ಬ್ರೆಡ್ ಸೂಪಾಯಿತು. ಅಸ್ಸುಂತಾಳ ಡಂಪ್ಲಿಂಗು, ಬರೀ ಡಂಪ್ಲಿಂಗು. ಪುಟದಿಂದ ಪುಟಕ್ಕೆ ಆ ಹೆಸರನ್ನು ಕಳೆ ಕೀಳುವ ಹಾಗೆ ಕಿತ್ತಳು. ಎದೆಯ ಉರಿ ಮಾತ್ರ ಆರಲೇ ಇಲ್ಲ.

ಕೆಲಸ ಮುಗಿದ ದಿನ ದೊರೆಸಾನಿ ಅವಳಿಂದ ಗಟ್ಟಿಯಾಗಿ ಓದಿಸಿ ಕೇಳಿದಳು. ಚಹಾ ತಂದ ಉತ್ತಯ್ಯ ಬಾಗಿಲ ಬಳಿ ನಿಂತ. ಅವನಿಗೆ ಅಡುಗೆಯ ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತಿತ್ತು. ಬೊಳ್ಳಮ್ಮನಿಗೆ ಅದು ಗೊತ್ತಿತ್ತು. ಕೇಳಲಿ ಎಂದೇ ಓದಿದಳು.

ಅವನು ಕಾದ. ಒಂದು ಅಡುಗೆ ಆಯಿತು, ಇನ್ನೊಂದು ಆಯಿತು. ಕೊನೆಗೆ ಕನ್ನಡದಲ್ಲಿ ಮೆಲ್ಲಗೆ ಕೇಳಿದ.

"ಅವಳ ಹೆಸರು ಎಲ್ಲಿ ಹೋತು?"

"ಇಂಗ್ಲಿಷಲ್ಲಿ ಹಂಗೆ ಬರೆಯೋ ವಾಡಿಕೆ ಇಲ್ಲ." ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿತು. "ಅಡುಗೆ ಹೆಸರಿನ ಮೇಲೆ ಅಡುಗೆಯವಳ ಹೆಸರು ಬಂದ್ರೆ ಸಹಜ ಅನ್ನಿಸೋದಿಲ್ಲ."

ಈಗ ಸೌಟು ಏಳುತ್ತದೆ, ಬಂಗಲೆ ಹಾರುವ ಹಾಗೆ ಕೂಗುತ್ತಾನೆ ಎಂದು ಕಾದಳು. ಕೂಗಲಿ! ಕೂಗಿದರೆ ನಾನೂ ಕೂಗುತ್ತೇನೆ...

ಅವನು ಕೂಗಲಿಲ್ಲ. ಚಹಾದ ತಟ್ಟೆ ಮೇಜಿನ ಮೇಲಿಟ್ಟ.

"ನೀವು ಹೇಳಿದ್ರೆ ಹಂಗೇ ಇರೊಕು. ನಾ ನಂಬ್ತೇನೆ."

ಹೋಗಿಬಿಟ್ಟ. ಮರುದಿನ ಬಂಗಲೆಯಲ್ಲಿ ಒಲೆ ಹಚ್ಚಿದ್ದು ಚೋಮಿ.

"ಉತ್ತಯ್ಯ ಕೆಲಸ ಬಿಟ್ಟನಂತೆ," ಎಂದಳು ದೊರೆಸಾನಿ, ಪೆಟ್ಟಿಗೆಗೆ ಬಟ್ಟೆ ತುಂಬುತ್ತ. ಅವಳ ಮಾತು ಇಂಗ್ಲಿಷಿನದು. "ನಾನು ಹೊರಡುವ ತನಕವೂ ಇರಲಿಲ್ಲವಲ್ಲ! ನಿನ್ನ ಪುಟಗಳು ಈಗ ಚೊಕ್ಕವಾಗಿವೆ, ಹುಡುಗಿ. ಆದರೂ ಆ ಮುದುಕಿಯ ಹೆಸರು ಹೋದದ್ದು ಪಾಪ ಅನ್ನಿಸುತ್ತದೆ."

ಬೊಳ್ಳಮ್ಮ ತಲೆಯೆತ್ತಿದಳು. "ಯಾವ... ಮುದುಕಿ?"

"ಅಸ್ಸುಂತಾ! ನನ್ನ ಗಂಡ ಹೇಳುತ್ತಿದ್ದರು, ಎಂಬತ್ತಾದರೂ ಆಗಿರಬೇಕು, ಬಾಯಲ್ಲಿ ಒಂದೇ ಹಲ್ಲು ಅಂತ. ಅವಳ ಮಕ್ಕಳಿಬ್ಬರೂ ಮೊದಲ ಮಹಾಯುದ್ಧದಲ್ಲೇ ಹೋಗಿದ್ದರು. ಉತ್ತಯ್ಯನನ್ನು ಮಗ ಅನ್ನುತ್ತಿದ್ದಳಂತೆ. ಜರ್ಮನರು ಹುಡುಕಿಕೊಂಡು ಬಂದ ದಿನ ಇವರಿಬ್ಬರೂ ಕಾಡಿಗೆ ಓಡಿದರು. ಯಾವ ಕಡೆ ಓಡಿದರು ಹೇಳು ಅಂದರೆ, ಹೇಳಲಿಲ್ಲ ಅವಳು. ಹೊಸ್ತಿಲಲ್ಲೇ ಗುಂಡು ಹೊಡೆದರು. ಮನೆಯನ್ನೂ ಸುಟ್ಟರು. ಹೂಳಲೂ ಯಾರಿಗೂ ಏನೂ ಸಿಗಲಿಲ್ಲ. ಅವನು ನಿನಗೆ ಹೇಳಿಲ್ಲವೆ?"

ಬೊಳ್ಳಮ್ಮ ಟೈಪಿಸಿದ ಪುಟಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅಮ್ಮ! ಅವನು ಎಲೆ ಹಾಕಿದ್ದು ಅಮ್ಮನಿಗೆ!

ಸಮಾಧಿ ಇಲ್ಲದವಳಿಗೆ ಒಂದು ಎಲೆ, ಒಂದು ಪುಸ್ತಕದಲ್ಲಿ ಹೆಸರು. ಅಷ್ಟೇ ಕೇಳಿದ್ದ. ಅದನ್ನು ಕಿತ್ತದ್ದು ಯಾರು? ಜರ್ಮನರೂ ಕೀಳಲಾಗದ್ದನ್ನು ಈ ಕೈ ಕಿತ್ತಿತು!

"ಹೆಸರು ಮತ್ತೆ ಹಾಕಬೇಕು, ಮೇಡಂ. ಎಲ್ಲಾ ಪುಟಕ್ಕೂ. ತಪ್ಪು ನನ್ನದು. ನಾನು ಸುಳ್ಳು ಹೇಳಿದೆ."

ದೊರೆಸಾನಿ ಹುಬ್ಬೇರಿಸಿದಳು. "ಈಗಲೇ ಚೆನ್ನಾಗಿದೆಯಲ್ಲ? ಸಲೀಸಾಗಿ ಓದಿಸಿಕೊಳ್ಳುತ್ತದೆ. ಎಲ್ಲಾ ಕಡೆ ಒಂದೇ ಹೆಸರು ಬಂದರೆ ಕೃತಕ ಅನ್ನಿಸುತ್ತದೆ."

"ನೀವು ಪೆಟ್ಟಿಗೆಗೆ ಹಾಕಿದ ಆ ನಿಮ್ಮ ಅಡುಗೆ ಪುಸ್ತಕ ತೆಗೆಯಿರಿ. ಅದರಲ್ಲಿ ಎಷ್ಟು ಮಿಸೆಸುಗಳ ಪುಡ್ಡಿಂಗು, ಎಷ್ಟು ಅಜ್ಜಿಯರ ಕೇಕು ಉಂಟು? ಅದು ಸಹಜ ಇಂಗ್ಲಿಷು, ಇವಳ ಹೆಸರು ಮಾತ್ರ ಕೃತಕವೆ? ನಿಮ್ಮ ಗಂಡ ಉಂಡದ್ದು ಬರೀ ಸೂಪಲ್ಲ ಮೇಡಂ. ಅವಳ ಸೂಪು!"

ತನ್ನ ಬಾಯಿಂದ ಇದು ಬಂತೇ ಎಂದು ಅವಳೇ ಬೆರಗಾದಳು. ದೊರೆಸಾನಿ ಕೈಯಲ್ಲಿದ್ದ ಶಾಲನ್ನು ಮಡಿಸಿದಳು, ಮತ್ತೆ ಬಿಡಿಸಿದಳು. ಅವಳ ಕಣ್ಣು ಗಂಡನ ಫೋಟೊ ಇದ್ದ ಕಡೆ ಹೋಗಿ ಬಂತು.

"ಟೈಪಿಸು," ಎಂದಳು ಕೊನೆಗೆ. "ನಾಡಿದ್ದು ನಾನು ಹೊರಡಬೇಕು. ಕೂತು ಟೈಪಿಸು."

ಬೆರಳು ಊದಿಕೊಳ್ಳುವ ತನಕ ಟೈಪಿಸಿದಳು.

ಮಾವನಿಗೆ ಹೇಳುವುದು ಟೈಪಿಸಿದಷ್ಟು ಸುಲಭವಿರಲಿಲ್ಲ.

"ಭಾಗಮಂಡಲದವರು ಬರೋದು ಬೇಡ ಮಾವ. ನಾ ಉತ್ತಯ್ಯನ್ನ ಮದುವೆ ಆಗ್ತೇನೆ."

ಗುರುವಪ್ಪ ಬಾಯಲ್ಲಿದ್ದ ಎಲೆಅಡಿಕೆ ಅಂಗಳಕ್ಕೆ ಉಗಿದ. "ಯಾರ್ನ? ಮನೆಂದ ಹೊರಗೆ ಹಾಕಿದ ಆ ಅಡುಗೆಭಟ್ಟನ್ನಾ? ಎಂತಕೆ ಹಾಕಿದ್ದು ಗೊತ್ತುಟ್ಟಾ ನಿಂಗೆ? ಜಾತಿ ಇಲ್ಲೆ, ಬಳಿ ಇಲ್ಲೆ, ಯಾವುದೋ ದೇಶದ ಹೆಂಗಸಿಗೆ ಹಿರೀಕರ ಸಾಲಲ್ಲಿ ಎಲೆ ಹಾಕಿದವ ಅವ! ತೆಗಿ ಅಂದ್ರೆ ತೆಗ್ದದಿಲ್ಲೆ. ಅವನ ಅಣ್ಣ ಕಾಲಲ್ಲಿ ಒದ್ದ ಆ ಎಲೆನ!"

ಸತ್ತವರಿಗೂ ಜಾತಿ ಕೇಳುವ ಜನ! ಅನ್ನ ಹಾಕಿದವಳ ಎಲೆಗೆ ಒದ್ದ ಆ ಕಾಲು ಮಾತ್ರ ಮನೆಯೊಳಗೆ ಇರಬಹುದು. ಆ ಎಲೆ ಹಾಕಿದ ಕೈ ಹೊರಗೆ!

ಅವನು ಯಾಕೆ ಬೆನ್ನು ತಿರುಗಿಸಿದ ಎಂಬುದು ಅವಳಿಗೆ ಈಗ ತಿಳಿಯಿತು. ಒಮ್ಮೆ ಹೇಳಿ ಒದೆ ತಿಂದವನು ಮತ್ತೆ ಯಾರಿಗೆ ಹೇಳಿಯಾನು?

"ಅದಕ್ಕೇ ಆಗ್ತೇನೆ ಮಾವ," ಎಂದಳು.

"ಹೋದ್ರೆ ಈ ಮನೆ ಮೆಟ್ಟಿಲು ಮತ್ತೆ ಹತ್ತೊಕಿಲ್ಲೆ!"

ಒಳಗಿನಿಂದ ಅವ್ವ ಅತ್ತದ್ದು ಕೇಳಿಸಿತು. ಬೊಳ್ಳಮ್ಮ ಒಂದು ಕ್ಷಣ ನಿಂತಳು. ಆಮೇಲೆ ಮೆಟ್ಟಿಲು ಇಳಿದಳು.

ಲೈನು ದಾಟುವಾಗ ಬಿಸಿಲು ನೆತ್ತಿಗೇರಿತ್ತು. ಉತ್ತಯ್ಯ ಜಗಲಿಯಲ್ಲಿ ಕೂತು ಮಿಲಿಟರಿ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಅವಳನ್ನು ಕಂಡು ಏಳಲಿಲ್ಲ.

"ಎಲ್ಲಿಗೆ?"

"ಹುದಿಕೇರಿಗೆ. ಅಲ್ಲಿ ಒಂದು ಬಂಗಲೆಗೆ ಅಡುಗೆಯವ ಬೇಕಂತೆ."

"ಹೇಳದೆ ಹೋಗೋದಾ?"

"ಹೇಳೊಕೆ ನೀವು ನಂಗೆ ಎಂತಾಗೊಕು?"

ಮಾತು ನಾಟಿತು. ಅವಳು ಕಂಬ ಹಿಡಿದು ನಿಂತಳು.

"ನಾ ಸುಳ್ಳು ಹೇಳ್ದೆ ನಿಮಗೆ. ಇಂಗ್ಲಿಷಲ್ಲಿ ಹೆಸರು ಬರೆಯೋ ವಾಡಿಕೆ ಉಟ್ಟು. ನಾನೇ ಕಿತ್ತದ್ದು. ಬೇಕಂತಲೇ."

"ಗೊತ್ತುಟ್ಟು."

"ಗೊತ್ತಿತ್ತಾ?!"

"ಮಿಲಿಟರಿ ಮೆಸ್ಸಲ್ಲಿ ಇದ್ದವ ನಾನು. ಆ ಮಿಸೆಸ್ಸು ಈ ಮಿಸೆಸ್ಸು ಅಂತ ಎಷ್ಟು ಪುಡ್ಡಿಂಗು ಬೇಯಿಸಿಲ್ಲ?"

"ಮತ್ತೆ... ನಂಬ್ತೇನೆ ಅಂದ್ರಿ!"

ಅವನು ಹಗ್ಗದ ಗಂಟನ್ನೇ ನೋಡುತ್ತಿದ್ದ. "ನಂಬೊಕು ಅಂತ ಇತ್ತು."

ಅದಕ್ಕಿಂತ ಸೌಟಿನ ಏಟು ಎಷ್ಟೋ ವಾಸಿ! ಬೊಳ್ಳಮ್ಮನ ಕಣ್ಣು ತುಂಬಿತು.

"ಎಂತಕೆ ಕಿತ್ತಿರಿ? ಅದೊಂದು ಹೇಳಿ. ನಾ ಎಂತ ಮಾಡಿದ್ದೆ ನಿಮಗೆ?"

"ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಒಂದೇ ಹಲ್ಲಿನ ಮುದುಕಿ ಮೇಲೆ!" ಅಳು ಒಡೆಯಿತು. "ಹಬ್ಬದ ದಿನ ಬಂದಿದ್ದೆ. ಎಲೆ ನೋಡ್ದೆ, ಕೆಂಪು ವಸ್ತ್ರ ನೋಡ್ದೆ. ನಿಮ್ಮ ಹೆಂಡತಿ ಅಂತ..."

ಉತ್ತಯ್ಯ ಬಾಯಿ ತೆರೆದ. ಆಮೇಲೆ ನಗು ಬಂತು. "ಹೆಂಡತಿಯಾ? ಅಸ್ಸುಂತಾ?... ಅವಳು ಕೇಳಿದ್ರೆ ಲಟ್ಟಣಿಗೆ ತಕ್ಕೊಂಡು ಇಬ್ಬರನ್ನೂ ಬಡೀತಿದ್ದಳು..." ನಗುತ್ತ ನಗುತ್ತ ಅವನ ದನಿ ಒಡೆಯಿತು. ಮೊಣಕಾಲ ಮೇಲೆ ತಲೆಯಿಟ್ಟು ಅತ್ತ. ಎಷ್ಟೋ ವರ್ಷ ಕಟ್ಟಿಟ್ಟದ್ದು ಒಟ್ಟಿಗೆ ಬಂದ ಹಾಗೆ ಅತ್ತ.

ಬೊಳ್ಳಮ್ಮ ಮೆಲ್ಲಗೆ ಪಕ್ಕದಲ್ಲಿ ಕೂತಳು.

"ಓಡೊಕೆ ಹೊರಟಾಗಲೇ ಬೇಲಿ ಮುಳ್ಳುತಂತಿ ಕಾಲಿಗೆ ಹೊಕ್ಕು ರಕ್ತ ಸುರೀತಿತ್ತು," ಎಂದ ಮುಖ ಒರೆಸಿಕೊಂಡು. "ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ನನ್ನ ಕಾಲಿಗೆ ಕಟ್ಟಿದಳು. ಕೆಂಪು ಬಟ್ಟೆ. ಓಡು ಅಂದಳು. ಬರಿತಲೆಲಿ ಬಾಗಿಲಲ್ಲಿ ನಿಂತಳು. ನಾ ಆ ಬಟ್ಟೆ ಅವಳಿಗೆ ತಿರುಗಿ ಕೊಡೊಕಲ್ವಾ... ಅದಕ್ಕೆ ವರ್ಷ ವರ್ಷ."

"ಕ್ಷಮಿಸಿ..."

ತಟ್ಟನೆ ಅವನಿಗೆ ಸಿಟ್ಟು ಬಂತು. "ಒಂದು ಮಾತು ಕೇಳ್‌ಬಹುದಿತ್ತಲ್ಲ!"

"ಕೇಳಿದೆ! ಬೆನ್ನು ತಿರುಗಿಸಿದ್ದು ಯಾರು? ಒಂದು ಮಾತು ಹೇಳ್‌ಬಹುದಿತ್ತಲ್ಲ!"

"ಹೇಳಿದ್ರೆ ನೀವೂ ನಮ್ಮ ಅಣ್ಣನ ಹಾಗೆ..."

"ನಾ ಒದೀತಿದ್ದೆನಾ? ನಾನು?"

ಇಬ್ಬರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು. ಅವನೇ ಮೊದಲು ಕಣ್ಣು ತಗ್ಗಿಸಿದ.

"ಇಲ್ಲೆ," ಎಂದ. "ನೀವು ಒದೆಯುವವರಲ್ಲ."

"ಎಲ್ಲಾ ಪುಟದಲ್ಲೂ ಅವಳ ಹೆಸರು ಉಟ್ಟು ಈಗ. ನಾನೇ ಕಟ್ಟಿ ದೊರೆಸಾನಿ ಕೈಗೆ ಕೊಟ್ಟೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅದು ಹೇಳೊಕೆ ಮಾತ್ರ ಬಂದದ್ದಲ್ಲ. ಮಾವನಿಗೆ ಹೇಳಿ ಬಂದೆ, ನಾ ನಿಮ್ಮನ್ನೇ ಆಗೋದು ಅಂತ. ಆ ಮನೆ ಬಾಗಿಲು ಹಾಕಿ ಆಯ್ತು ನಂಗೆ. ಈಗ ನೀವು ಹುದಿಕೇರಿಗೆ ಹೋಗೋದಾದ್ರೆ... ಒಬ್ಬರೇ ಹೋಗ್ತೀರಾ?"

ಅವನು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದ. ತೋಟದ ಕಡೆಯಿಂದ ಹಣ್ಣು ಕೊಯ್ಯುವ ಹೆಂಗಸರ ಮಾತು ತೇಲಿ ಬರುತ್ತಿತ್ತು.

"ಬೊಳ್ಳು," ಎಂದ. ಮೊದಲ ಸಲ. "ನನ್ನ ಹತ್ರ ಮನೆ ಅಂತ ಇಲ್ಲೆ. ಮದುವೆಗೆ ಮುಂದೆ ನಿಲ್ಲೊಕೆ ಒಬ್ಬ ಹಿರಿಯ ಇಲ್ಲೆ. ನಂಗೆ ಸಿಟ್ಟು ಬೇರೆ ಜಾಸ್ತಿ."

"ಸಿಟ್ಟು ನಂಗೂ ಉಟ್ಟು. ನೋಡ್ಲಿಲ್ಲವಾ?"

"ನೋಡ್ದೆ." ಅವನ ತುಟಿಯ ಕೊನೆ ಅಲುಗಿತು. ಬಗ್ಗಿ ಟ್ರಂಕಿನ ಹಗ್ಗ ಬಿಚ್ಚತೊಡಗಿದ.

"ಎಂತ ಮಾಡ್ತಿದ್ದೀರಿ?"

"ಪಾತ್ರೆ ಈ ಟ್ರಂಕಿನೊಳಗೆ ಉಟ್ಟು. ನೀ ಬೆಳಿಗ್ಗೆಂದ ಎಂತಾದ್ರೂ ತಿಂದಾ?"

"ಇಲ್ಲೆ."

"ನಂಗೆ ಗೊತ್ತು. ಕೂತ್ಕೊ. ಗಂಜಿ ಇಡ್ತೇನೆ. ಆದ್ರೆ ಆ ಒಲೆ ಭಾರಿ ಹಟದ್ದು, ಹೊಗೆ ಬಿಡೋದೇ ಕೆಲಸ ಅದಕ್ಕೆ."

ಬೊಳ್ಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ್ತಿಲು ದಾಟಿ ಅವನ ಹಿಂದೆಯೇ ಒಲೆಯ ಹತ್ತಿರ ನಡೆದಳು.

"ಅತ್ತ ಸರೀರಿ," ಎಂದಳು. "ನಾ ಊದ್ತೇನೆ."